ಹವ್ಯಾಸಿಯ ಚಿತ್ರದ ಮುಂದೆ ವಿಮರ್ಶಕ

ಛಾಯಾಗ್ರಹಣದ ಚರಿತ್ರೆಯನ್ನು ಕ್ಯಾಮೆರಾ, ಮಸೂರ ಮತ್ತು ರಾಸಾಯನಿಕಗಳ ಚರಿತ್ರೆಯಾಗಿ ಬರೆಯುವುದು ರೂಢಿಯಾಗಿದೆ. ಆದರೆ ಒಬ್ಬರು ತೆಗೆದ ಚಿತ್ರವನ್ನು ಮತ್ತೊಬ್ಬರು ಕೈಯಲ್ಲಿ ಹಿಡಿದು ನೋಡಿ, ಅದರ ಗುಣದೋಷಗಳನ್ನು ತೆಗೆದವರಿಗೇ ತಿಳಿಸುವ ಪದ್ಧತಿಗೂ ಹೆಚ್ಚುಕಡಿಮೆ ಅಷ್ಟೇ ಹಳೆಯ ಚರಿತ್ರೆಯಿದೆ. ಹವ್ಯಾಸಿಗಳು, ಅಂದರೆ ಹೊಟ್ಟೆಪಾಡಿಗಲ್ಲದೆ ಆಸಕ್ತಿಗಾಗಿ ಚಿತ್ರ ತೆಗೆಯುವವರು, ಈ ಕಲೆಯನ್ನು ಕಲಿತದ್ದು ಬಹುಮಟ್ಟಿಗೆ ಆ ಪದ್ಧತಿಯಿಂದಲೇ. 1839ರಲ್ಲಿ ಛಾಯಾಗ್ರಹಣದ ವಿಧಾನಗಳು ಲೋಕಕ್ಕೆ ಪ್ರಕಟವಾದಾಗ ಅದನ್ನು ಕಲಿಸುವ ಶಾಲೆಯಾಗಲಿ, ಚಿತ್ರಕಲೆಗೂ ಸಂಗೀತಕ್ಕೂ ಇರುವಂಥ ಗುರುಪರಂಪರೆಯಾಗಲಿ ಇರಲಿಲ್ಲ. ಆ ಕೊರತೆಯನ್ನು ತುಂಬಲು ಹುಟ್ಟಿಕೊಂಡವು ಸಂಘಗಳು: 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ, ಮರುವರ್ಷ ಮುಂಬಯಿಯಲ್ಲಿ ಅಂಥದೇ ಒಂದು ಸಂಘ, 1856ರಲ್ಲಿ ಕಲ್ಕತ್ತೆಯಲ್ಲಿ ಒಂದು ಮತ್ತು ಮದ್ರಾಸಿನಲ್ಲಿ ಒಂದು. ಇವುಗಳ ಸಭೆಗಳಲ್ಲಿ ಸದಸ್ಯರು ತಮ್ಮ ಪ್ರಿಂಟುಗಳನ್ನು ಪರಸ್ಪರ ತೋರಿಸುತ್ತಿದ್ದರಾದರೂ, ಚರ್ಚೆ ಹೆಚ್ಚಾಗಿ ಕಾಗದಕ್ಕೆ ಮೇಣ ಹಚ್ಚುವ ಕ್ರಮ, ಬೆಳ್ಳಿಯ ಲವಣಗಳ ಪ್ರಮಾಣ, ಚಿತ್ರ ಮಾಸದಂತೆ ಉಳಿಸುವ ಉಪಾಯ ಇವುಗಳ ಸುತ್ತಲೇ ನಡೆಯುತ್ತಿತ್ತು. ಚಿತ್ರವೇ ಸರಿಯಾಗಿ ಮೂಡುವುದು ದುಸ್ತರವಾಗಿದ್ದ ಕಾಲದಲ್ಲಿ, ಮೂಡಿದ ಚಿತ್ರ ಏನು ಹೇಳುತ್ತದೆ ಎಂಬ ಪ್ರಶ್ನೆ ಹಿಂದೆ ಬಿದ್ದದ್ದು ಸಹಜವೇ.

ಚಿತ್ರದ ಬಗ್ಗೆ ಅಭಿಪ್ರಾಯ ಹೇಳುವ ಇನ್ನೊಂದು ಸ್ಥಳವೆಂದರೆ ಪ್ರದರ್ಶನ. ಕನ್ನಡನಾಡಿನ ಶಿಲ್ಪ ಈ ಚರಿತ್ರೆಯೊಳಗೆ ಬರುವುದು ಇಲ್ಲಿಯೇ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್, ಆಗಿನ್ನೂ ಹವ್ಯಾಸಿಯಾಗಿದ್ದವನು, 1854ರ ಡಿಸೆಂಬರಿನಲ್ಲಿ ವೈದ್ಯನೂ ಛಾಯಾಗ್ರಾಹಕನೂ ಆಗಿದ್ದ ಆಂಡ್ರೂ ನೀಲ್ ಎಂಬಾತನೊಡನೆ ಹಳೇಬೀಡು, ಬೇಲೂರುಗಳ ಹೊಯ್ಸಳ ದೇವಾಲಯಗಳನ್ನು ಚಿತ್ರಿಸಿದನು. ಅದಕ್ಕೆ ಅವನು ಬಳಸಿದ್ದು ಮೇಣ ಲೇಪಿಸಿದ ಕಾಗದದ ನೆಗೆಟಿವ್. ಅಂದರೆ ಗಾಜಿನ ಬದಲು ಕಾಗದದ ಮೇಲೆಯೇ ಬೆಳಕು ನೆರಳುಗಳು ಅದಲುಬದಲಾಗಿ ಮೂಡುವ ಮೂಲಪ್ರತಿ. 1855ರ ಮದ್ರಾಸು ಪ್ರದರ್ಶನದಲ್ಲಿ ಆತನ 68 ಚಿತ್ರಗಳನ್ನು ಕಂಡ ತೀರ್ಪುಗಾರರು, ಕಾಗದದ ಮೇಲೆ ತೆಗೆದ ದೃಶ್ಯಗಳಲ್ಲಿ ಇದೇ ಅತ್ಯುತ್ತಮ ಮಾಲಿಕೆಯೆಂದು ಸಾರಿ ಪ್ರಥಮ ದರ್ಜೆಯ ಪದಕ ಕೊಟ್ಟರು. ಅದೇ ವರ್ಷ ಬರ್ಮಾದ ಅರಸನ ಬಳಿಗೆ ಹೊರಟ ನಿಯೋಗಕ್ಕೆ ಛಾಯಾಗ್ರಾಹಕನಾಗಿ ನೇಮಕಗೊಂಡ ಟ್ರೈಪ್, ಮರುವರ್ಷ ಮದ್ರಾಸು ಸರ್ಕಾರದ ಛಾಯಾಗ್ರಾಹಕನಾದನು. ತೀರ್ಪು ಒಬ್ಬ ಹವ್ಯಾಸಿಗೆ ಮಾನ್ಯತೆ ತಂದುಕೊಟ್ಟಿತೆಂಬುದು ನಿಜ. ಆದರೆ ಆ ತೀರ್ಪಿನ ಮಾತಿನಲ್ಲಿ ಹಳೇಬೀಡಿನ ಭಿತ್ತಿಶಿಲ್ಪದ ಮೇಲೆ ಬೆಳಕು ಹೇಗೆ ಬಿದ್ದಿದೆ, ಯಾವ ಕೋನ ಕಟ್ಟಡದ ಘನತೆಯನ್ನು ಹಿಡಿದಿದೆ, ಯಾವುದು ಕೈತಪ್ಪಿದೆ ಎಂಬುದೊಂದೂ ಇಲ್ಲ. ಪ್ರದರ್ಶನದ ತೀರ್ಪು ಸ್ಥಾನವನ್ನು ಹೇಳಿತೇ ಹೊರತು ಕಾರಣವನ್ನಲ್ಲ. ಈ ಕೊರತೆ ಮುಂದಿನ ಒಂದೂವರೆ ಶತಮಾನವೂ ಬೇರೆ ಬೇರೆ ರೂಪದಲ್ಲಿ ಉಳಿದುಕೊಂಡು ಬಂದಿರುವುದರಿಂದ ಅದನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಅಗತ್ಯ.

ಕಾರಣ ಕೇಳದ ವಿಮರ್ಶೆಗೂ ಕಾರಣ ಹುಡುಕುವ ವಿಮರ್ಶೆಗೂ ಇರುವ ಅಂತರ ಎದ್ದು ಕಾಣುವುದು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಬದುಕಿನಲ್ಲಿ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇವರಿಗೆ ಮಗಳು ಮತ್ತು ಅಳಿಯ ಕ್ಯಾಮೆರಾವೊಂದನ್ನು ಉಡುಗೊರೆಯಾಗಿ ಕೊಟ್ಟದ್ದು 1863ರ ಕೊನೆಯಲ್ಲಿ, ಅವರಿಗೆ 48 ವರ್ಷವಾಗಿದ್ದಾಗ. ಇಂಗ್ಲೆಂಡಿನ ವೈಟ್ ದ್ವೀಪದ ತಮ್ಮ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡು, ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ ಅದು ಒಣಗುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕಾದ ಕಷ್ಟದ ವಿಧಾನದಲ್ಲಿ ಅವರು ದೊಡ್ಡ ಗಾತ್ರದ ಮುಖಚಿತ್ರಗಳನ್ನು ತೆಗೆದರು. ಆ ಮುಖಗಳು ಅಂದಿನ ವೃತ್ತಿಪರರ ಚಿತ್ರಗಳಷ್ಟು ನಿಖರವಾಗಿರಲಿಲ್ಲ, ಅಂಚುಗಳು ಮಸುಕಾಗಿದ್ದವು, ಫಲಕದ ಮೇಲೆ ಕಲೆಗಳೂ ಬೆರಳ ಗುರುತುಗಳೂ ಉಳಿದಿದ್ದವು. ಛಾಯಾಗ್ರಹಣದ ಪತ್ರಿಕೆಗಳು ಈ ಲೋಪಗಳನ್ನು ಎಣಿಸಿ, ಫೋಕಸ್ ಮಾಡಲು ಬಾರದವರ ಕೆಲಸವೆಂಬಂತೆ ಬರೆದವು. ಮಸುಕು ಬೇಕೆಂದೇ ಉಳಿಸಿಕೊಂಡದ್ದೇ, ಅದರಿಂದ ಮುಖಕ್ಕೆ ಏನು ಒದಗಿತು ಎಂದು ಕೇಳುವ ತಾಳ್ಮೆಯನ್ನು ಆ ಬರಹಗಾರರು ತೋರಲಿಲ್ಲ.

ಕ್ಯಾಮೆರಾನ್ ಅವರಿಗೆ ನೆರವಾದ ಮಾತು ಬಂದದ್ದು ಸಂಘದ ಹೊರಗಿನಿಂದ. ಛಾಯಾಗ್ರಹಣದ ರಸಾಯನಶಾಸ್ತ್ರಕ್ಕೆ ಮೂಲಭೂತ ಕೊಡುಗೆಯಿತ್ತ ವಿಜ್ಞಾನಿ ಜಾನ್ ಹರ್ಷೆಲ್, ಕ್ಯಾಮೆರಾನ್ ಅವರ ಹಳೆಯ ಸ್ನೇಹಿತರು. ತಮ್ಮ ಚಿತ್ರಗಳನ್ನು ಅವರಿಗೆ ಕಳುಹಿಸಿ ಪತ್ರದ ಮೂಲಕ ಅಭಿಪ್ರಾಯ ಪಡೆಯುತ್ತಿದ್ದ ಕ್ಯಾಮೆರಾನ್, ಯಾವ ಫೋಕಸ್ ಸರಿಯೆಂದು ನಿರ್ಧರಿಸುವ ಅಧಿಕಾರ ಯಾರದೆಂಬ ಪ್ರಶ್ನೆಯನ್ನೂ ಅವರ ಮುಂದೆಯೇ ಎತ್ತಿದರು. ಚಿತ್ರಕಾರ ಜಾರ್ಜ್ ಫ್ರೆಡೆರಿಕ್ ವಾಟ್ಸ್ ಅವರ ವಿಷಯ ಇನ್ನೂ ಗಮನಾರ್ಹ. ಬೆಲೆಬಾಳುವ, ರಟ್ಟಿಗೆ ಅಂಟಿಸಿದ ಪ್ರತಿಗಳನ್ನು ಕಳುಹಿಸಬೇಡಿ, ದೋಷವಿರುವ ಬಿಡಿ ಪ್ರಿಂಟುಗಳೇ ಸಾಕು, ಅವುಗಳಿಂದಲೂ ಅಷ್ಟೇ ಚೆನ್ನಾಗಿ ನಿರ್ಣಯಿಸಬಲ್ಲೆನೆಂಬ ಅರ್ಥದಲ್ಲಿ ಅವರು ಕ್ಯಾಮೆರಾನ್ ಅವರಿಗೆ ಬರೆದರು. ಮಾರಾಟಕ್ಕೋ ಪ್ರದರ್ಶನಕ್ಕೋ ಸಿದ್ಧವಾಗಿಲ್ಲದ ಚಿತ್ರವನ್ನು, ಇನ್ನೂ ತಿದ್ದಲು ಅವಕಾಶವಿರುವ ಹಂತದಲ್ಲಿ, ವಿಶ್ವಾಸದಿಂದ ತೋರಿಸಲು ಸಾಧ್ಯವಾದಾಗ ಮಾತ್ರ ವಿಮರ್ಶೆ ಕಲಿಕೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಆ ಶತಮಾನದಲ್ಲಿ ಸಿಗುವುದು ಕಷ್ಟ. ಸಂಘವನ್ನು ಪೂರ್ತಿ ನಿಷ್ಪ್ರಯೋಜಕವೆನ್ನುವಂತೆಯೂ ಇಲ್ಲ: ನೆಗೆಟಿವ್‌ಗಳ ಮೇಲ್ಪದರ ಬಿರುಕು ಬಿಡುತ್ತಿದ್ದುದಕ್ಕೆ ಪರಿಹಾರ ಕೇಳಿಕೊಂಡು 1869ರಲ್ಲಿ ಕ್ಯಾಮೆರಾನ್ ಅದೇ ಲಂಡನ್ ಸೊಸೈಟಿಯ ಸಭೆಗೆ ಹೋದರು. ರಾಸಾಯನಿಕಗಳ ವಿಷಯದಲ್ಲಿ ಸಂಘವನ್ನು ನಂಬಬಹುದಿತ್ತು; ಮುಖವನ್ನು ನೋಡುವ ವಿಷಯದಲ್ಲಿ ಅದಿನ್ನೂ ಕಲಿಯಬೇಕಾಗಿತ್ತು.

1870ರ ದಶಕದಲ್ಲಿ ಜೆಲಟಿನ್ ಲೇಪಿಸಿದ ಒಣ ಫಲಕಗಳು, ಅಂದರೆ ಮೊದಲೇ ತಯಾರಿಸಿ ಅಂಗಡಿಯಲ್ಲಿ ಮಾರಬಹುದಾದ ಫಲಕಗಳು ಬಂದು, 1888ರಲ್ಲಿ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಹವ್ಯಾಸಿಗಳ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಬೆಳೆಯಿತು. ಕ್ಯಾಮೆರಾ ಕ್ಲಬ್ಬುಗಳೂ ವಾರಪತ್ರಿಕೆಗಳೂ ಸ್ಪರ್ಧೆಗಳೂ ಬಂದವು. ಸಭೆಗೆ ಬರಲಾಗದ ದೂರದೂರಿನವರಿಗಾಗಿ ಅಂಚೆಯ ಕ್ಲಬ್ಬುಗಳು ಹುಟ್ಟಿದವು. ಅವುಗಳಲ್ಲಿ ಪ್ರಿಂಟುಗಳ ಒಂದು ಕಟ್ಟು ಸದಸ್ಯರಿಂದ ಸದಸ್ಯರಿಗೆ ಅಂಚೆಯಲ್ಲಿ ಸಾಗುತ್ತಿತ್ತು, ಪ್ರತಿಯೊಬ್ಬರೂ ಉಳಿದವರ ಚಿತ್ರಗಳ ಮೇಲೆ ತಮ್ಮ ಅಭಿಪ್ರಾಯವನ್ನು ಬರೆದು ಮುಂದಕ್ಕೆ ಕಳುಹಿಸುತ್ತಿದ್ದರು. ಟೀಕೆ ಬರೆಯುವವರ ಚಿತ್ರವೂ ಅದೇ ಕಟ್ಟಿನಲ್ಲಿ ಇರುತ್ತಿದ್ದುದರಿಂದ ಅಲ್ಲಿ ತೀರ್ಪುಗಾರರೆಂಬ ಪ್ರತ್ಯೇಕ ವರ್ಗವೇ ಇರಲಿಲ್ಲ, ಬರೆದದ್ದು ಲಿಖಿತವಾಗಿಯೇ ಉಳಿಯುತ್ತಿದ್ದುದರಿಂದ ಹೊಣೆಗೇಡಿ ಮಾತಿಗೂ ಅವಕಾಶ ಕಡಿಮೆಯಿತ್ತು. ಈ ಸರಳ ವ್ಯವಸ್ಥೆಗೆ ಛಾಯಾಗ್ರಹಣದ ಚರಿತ್ರಕಾರರು ಸಲ್ಲಬೇಕಾದಷ್ಟು ಗೌರವವನ್ನು ಸಲ್ಲಿಸಿಲ್ಲ.

ಸ್ಪರ್ಧೆಗಳಲ್ಲಿಯೂ ಕಾರಣ ಸಹಿತವಾದ ಮಾತು ಆಗೀಗ ಕೇಳಿಬಂದಿತು. 1887ರಲ್ಲಿ ಲಂಡನ್ನಿನ ‘ದಿ ಅಮೆಚೂರ್ ಫೋಟೋಗ್ರಾಫರ್’ ಪತ್ರಿಕೆ ನಡೆಸಿದ ರಜಾಕಾಲದ ಚಿತ್ರಗಳ ಸ್ಪರ್ಧೆಗೆ ತೀರ್ಪುಗಾರರಾಗಿದ್ದ ಪೀಟರ್ ಹೆನ್ರಿ ಎಮರ್ಸನ್, ಬರ್ಲಿನ್ನಿನಲ್ಲಿ ಓದುತ್ತಿದ್ದ ಅಮೆರಿಕದ ತರುಣ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಇಟಲಿಯಲ್ಲಿ ತೆಗೆದ, ಮಕ್ಕಳು ನಗುತ್ತಿರುವ ಚಿತ್ರಕ್ಕೆ ಬಹುಮಾನ ಕೊಟ್ಟರು. ಬಂದ ಚಿತ್ರಗಳಲ್ಲಿ ಸಹಜವಾಗಿ ಮೂಡಿದ್ದು ಅದೊಂದೇ ಎಂಬುದು ಅವರು ಕೊಟ್ಟ ಕಾರಣ. ಬಹುಮಾನ ಪಡೆದ ತರುಣ ಮುಂದೆ ತಾನೇ ವಿಮರ್ಶಕನಾದನು. ನ್ಯೂಯಾರ್ಕಿನ ಕ್ಯಾಮೆರಾ ಕ್ಲಬ್ಬಿನ ಪತ್ರಿಕೆ ‘ಕ್ಯಾಮೆರಾ ನೋಟ್ಸ್’ಅನ್ನು 1897ರಿಂದ ಸಂಪಾದಿಸಿ, ಅನಂತರ 1903ರಿಂದ 1917ರವರೆಗೆ ‘ಕ್ಯಾಮೆರಾ ವರ್ಕ್’ ಪತ್ರಿಕೆಯನ್ನು ನಡೆಸಿದ ಸ್ಟೀಗ್ಲಿಟ್ಸ್ ಸ್ವಭಾವತಃ ನಿಷ್ಠುರಿ, ಹಲವರನ್ನು ನೋಯಿಸಿದವರು. ಹಾಗಿದ್ದರೂ ಹೊಸಬನ ಚಿತ್ರ ನೋಡಿ ಹೇಗೆ ಮಾತನಾಡಬೇಕೆಂಬುದಕ್ಕೆ ಅತ್ಯುತ್ತಮ ದೃಷ್ಟಾಂತವನ್ನೂ ಅವರೇ ಬಿಟ್ಟುಹೋಗಿದ್ದಾರೆ.

ಆ ಹೊಸಬ ಪಾಲ್ ಸ್ಟ್ರಾಂಡ್. ಶಾಲೆಯಲ್ಲಿ ಲೂಯಿಸ್ ಹೈನ್ ಅವರಿಂದ ಛಾಯಾಗ್ರಹಣ ಕಲಿತು, 1907ರಲ್ಲಿ ಅವರೊಂದಿಗೇ ಸ್ಟೀಗ್ಲಿಟ್ಸ್ ನಡೆಸುತ್ತಿದ್ದ ಗ್ಯಾಲರಿಯನ್ನು ಮೊದಲ ಬಾರಿ ಕಂಡ ಈತ, ಮುಂದಿನ ವರ್ಷಗಳಲ್ಲಿ ತನ್ನ ಪ್ರಿಂಟುಗಳನ್ನು ಆಗಾಗ ಅಲ್ಲಿಗೆ ಕೊಂಡೊಯ್ದು ತೋರಿಸುತ್ತಿದ್ದನು. ಆಗಿನ ಫ್ಯಾಷನ್ನಿನಂತೆ ಸ್ಟ್ರಾಂಡ್ ಮೃದು ಫೋಕಸ್ಸಿನ ಮಸೂರವನ್ನು, ಅಂದರೆ ಇಡೀ ಚಿತ್ರವನ್ನು ಮಂಜಿನ ತೆರೆಯಲ್ಲಿ ಕಂಡಂತೆ ಮೆತ್ತಗೆ ಮೂಡಿಸುವ ಮಸೂರವನ್ನು ಬಳಸುತ್ತಿದ್ದನು. ಸ್ಟ್ರಾಂಡ್ ಮುಂದೆ ನೆನಪಿಸಿಕೊಂಡ ಪ್ರಕಾರ ಸ್ಟೀಗ್ಲಿಟ್ಸ್ ಚಿತ್ರ ಕೆಟ್ಟದ್ದೆಂದು ಹೇಳಲಿಲ್ಲ. ಈ ಮಸೂರದಿಂದ ಹುಲ್ಲು, ನೀರು, ಮರದ ತೊಗಟೆ ಎಲ್ಲವೂ ಒಂದೇ ವಸ್ತುವಿನಿಂದಾದಂತೆ ಕಾಣುತ್ತವೆ, ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ಗುಣವೇ ಕಳೆದುಹೋಗಿದೆ ಎಂದು ತೋರಿಸಿಕೊಟ್ಟು, ಮಸೂರದ ರಂಧ್ರವನ್ನು ಕಿರಿದುಮಾಡಿ ನೋಡುವಂತೆ ಸೂಚಿಸಿದರು. ರಂಧ್ರ ಕಿರಿದಾದಷ್ಟೂ ಹತ್ತಿರದ ವಸ್ತುವೂ ದೂರದ ವಸ್ತುವೂ ಸ್ಪಷ್ಟವಾಗುತ್ತವೆಂಬುದು ಪ್ರತಿಯೊಬ್ಬ ಛಾಯಾಗ್ರಾಹಕನಿಗೂ ಗೊತ್ತಿರುವ ಸಂಗತಿಯೇ. ಆದರೆ ಕಣ್ಣಿಗೆ ಕಾಣುವ ನಷ್ಟ, ಅದರ ಕಾರಣ, ಮರುದಿನವೇ ಪ್ರಯೋಗಿಸಬಹುದಾದ ಪರಿಹಾರ ಈ ಮೂರನ್ನೂ ಒಂದೇ ಮಾತಿನಲ್ಲಿ ಜೋಡಿಸಿದ್ದು ಇಲ್ಲಿನ ವಿಶೇಷ. 1915ರ ಹೊತ್ತಿಗೆ ಸ್ಟ್ರಾಂಡ್ ತೆಗೆದುಕೊಂಡು ಹೋದ ಹೊಸ ಚಿತ್ರಗಳನ್ನು ಸ್ಟೀಗ್ಲಿಟ್ಸ್ 1916ರಲ್ಲಿ ತಮ್ಮ ಗ್ಯಾಲರಿಯಲ್ಲಿ ಪ್ರದರ್ಶಿಸಿದರು, ‘ಕ್ಯಾಮೆರಾ ವರ್ಕ್’ನ ಕೊನೆಯ ಸಂಚಿಕೆಯನ್ನು ಅವನ ಚಿತ್ರಗಳಿಗೇ ಮೀಸಲಿಟ್ಟರು. ಕ್ಯಾಮೆರಾನ್ ಅವರ ಮಸುಕನ್ನು ಹಳಿದವರೂ ಸ್ಟ್ರಾಂಡ್‌ನ ಮಸುಕನ್ನು ಬಿಡಿಸಿದವರೂ ಮಾತನಾಡಿದ್ದು ಒಂದೇ ತಾಂತ್ರಿಕ ಲಕ್ಷಣದ ಬಗ್ಗೆ. ಮೊದಲಿನವರು ಅದನ್ನು ನಿಯಮದಿಂದ ಅಳೆದರು, ಸ್ಟೀಗ್ಲಿಟ್ಸ್ ಅದನ್ನು ಆ ಚಿತ್ರದ ಉದ್ದೇಶದಿಂದ ಅಳೆದರು. ವಿಮರ್ಶೆಯ ಬೆಲೆಯೆಲ್ಲ ಈ ಅಂತರದಲ್ಲಿದೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹವ್ಯಾಸಿ ಛಾಯಾಗ್ರಹಣ ಅಂತರರಾಷ್ಟ್ರೀಯ ಸಂಘಟನೆಯಾಯಿತು. 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಎಫ್‌ಐಎಪಿ ಎಂಬ ಜಾಗತಿಕ ಒಕ್ಕೂಟವೂ 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯೂ ಹುಟ್ಟಿದವು; ಬೆಂಗಳೂರಿನ ಡಾ. ಜಿ. ಥಾಮಸ್ ಭಾರತದ ಒಕ್ಕೂಟವನ್ನು ಕಟ್ಟಿದವರಲ್ಲಿ ಪ್ರಮುಖರು. 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಈ ಸಂಘಟನೆಯ ಜೀವನಾಡಿಯೆಂದರೆ ಸಲೋನ್, ಅಂದರೆ ತೀರ್ಪುಗಾರರ ಮಂಡಳಿ ಚಿತ್ರಗಳಿಗೆ ಅಂಕ ಕೊಟ್ಟು ಆಯುವ ಸ್ಪರ್ಧಾಪ್ರದರ್ಶನ. ಸ್ವೀಕೃತವಾದ ಚಿತ್ರಗಳ ಲೆಕ್ಕದ ಮೇಲೆ ಬಿರುದುಗಳು ದೊರೆಯುವ ಈ ವ್ಯವಸ್ಥೆ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮೊದಲಾದವರ ವನ್ಯಜೀವಿ ಚಿತ್ರಗಳನ್ನು ಜಗತ್ತಿಗೆ ಪರಿಚಯಿಸಿತು, ಹವ್ಯಾಸಿಗಳಲ್ಲಿ ತಾಂತ್ರಿಕ ಶಿಸ್ತನ್ನು ಬೆಳೆಸಿತು. ಆದರೂ ತಿರಸ್ಕೃತವಾದ ಚಿತ್ರದ ಒಡೆಯನಿಗೆ ಸಾಮಾನ್ಯವಾಗಿ ಮರಳಿ ಬರುವುದು ಒಂದು ಅಂಕ ಮಾತ್ರ; ಈ ದೃಷ್ಟಿಯಿಂದ ಸಲೋನ್ 1855ರ ಮದ್ರಾಸು ತೀರ್ಪುಗಾರರ ಪರಂಪರೆಗೇ ಸೇರುತ್ತದೆ. ಇನ್ನು ಪೆರುಮಾಳ್ ಅವರು ಪಳಗಿದ್ದು ಅಂಕಗಳಿಂದಲ್ಲ, ಹಿರಿಯ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಿಂದ. ಮುಂದೆ ಅವರೂ ಹಲವು ಕಿರಿಯರಿಗೆ ಗುರುವಾದರು.

ಕ್ಯಾಮೆರಾ ಪ್ರತಿಯೊಬ್ಬರ ಕೈಯಲ್ಲಿರುವ ಈ ಕಾಲದಲ್ಲಿ ಸ್ಪರ್ಧೆಗಳಿಗೆ ಬರುವ ಚಿತ್ರಗಳ ರಾಶಿಯ ಮುಂದೆ ಎಲ್ಲಕ್ಕೂ ವಿಮರ್ಶೆ ಬರೆಯುವುದು ಅಸಾಧ್ಯವೆಂಬ ಸಂಘಟಕರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಮೊದಲ ಬಾರಿಗೆ ಚಿತ್ರ ಕಳುಹಿಸಿದವರಿಗಾದರೂ, ಚಿತ್ರದಲ್ಲಿ ಒದಗಿದ್ದೇನು, ಕೈತಪ್ಪಿದ್ದೇನು, ಮುಂದಿನ ಸಲ ಮಾಡಿ ನೋಡಬಹುದಾದದ್ದೇನು ಎಂಬ ಎರಡು ಮೂರು ವಾಕ್ಯಗಳನ್ನು ತೀರ್ಪುಗಾರರಿಂದ ಬರೆಸಿ ಕಳುಹಿಸುವ ನಿಯಮವನ್ನು ಕರ್ನಾಟಕದ ಛಾಯಾಗ್ರಹಣ ಸಂಘಗಳು ತಮ್ಮ ಸ್ಪರ್ಧೆಗಳಲ್ಲಿ ಅಳವಡಿಸಿಕೊಳ್ಳಬೇಕು.