ಎರಡೇ ದಿನ ಉಳಿಯುವ ಬೆಳಕು

ತಾರೆ ಸಿಡಿದಾಗಲೆಲ್ಲ ಸಾಯಬೇಕೆಂದಿಲ್ಲ. ಶ್ವೇತಕುಬ್ಜ ತಾರೆ ತನ್ನ ಜೋಡಿಯಿಂದ ಜಲಜನಕವನ್ನು ಸೆಳೆದು ಮೈಮೇಲೆ ಪದರವಾಗಿ ಹೇರಿಕೊಳ್ಳುತ್ತದೆ. ಪದರದ ಒತ್ತಡ, ಉಷ್ಣತೆ ಮಿತಿ ಮೀರಿದಾಗ ಪರಮಾಣು ಬೆಸುಗೆ ಹೊತ್ತಿಕೊಂಡು ಆ ಪದರವಷ್ಟೇ ಹಾರಿಹೋಗುತ್ತದೆ, ತಾರೆ ಉಳಿಯುತ್ತದೆ. ಇದೇ ನೋವಾ. ತಾರೆಯೇ ಛಿದ್ರವಾಗುವ ಸೂಪರ್‌ನೋವಾ ಇದಕ್ಕಿಂತ ಸಾವಿರಾರು ಪಟ್ಟು ಪ್ರಖರ. ನೋವಾಗಳಲ್ಲೇ ಕೆಲವು ಮಂಕಾಗಿ ಹೊತ್ತಿ ಎರಡು ಮೂರು ದಿನಗಳಲ್ಲಿ ಕುಗ್ಗಿಬಿಡುತ್ತವೆ. ನೆರೆಯ ಗೆಲಾಕ್ಸಿಗಳಲ್ಲಿ ಇಂಥವನ್ನು ಹುಡುಕಿದ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ದೂರದರ್ಶಕದ ಗಾತ್ರಕ್ಕಿಂತ ಮತ್ತೆ ಮತ್ತೆ ನೋಡುವ ಪಟ್ಟೇ ಹೆಚ್ಚು ಫಲ ಕೊಟ್ಟಿರುವುದು ತಿಳಿಯುತ್ತದೆ.

ಗಾಜಿನ ಫಲಕಗಳ ಕಾಲ

ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗೆಲಾಕ್ಸಿ ಈ ಹುಡುಕಾಟದ ತವರು. 1885ರಲ್ಲಿ ಅಲ್ಲೊಂದು ಸೂಪರ್‌ನೋವಾ ಕಂಡಿತ್ತು. ಎಡ್ವಿನ್ ಹಬಲ್ ಹಲವು ವರ್ಷಗಳ ಛಾಯಾಚಿತ್ರ ಫಲಕಗಳನ್ನು ಜಾಲಾಡಿ 1929ರಲ್ಲಿ 85 ನೋವಾಗಳ ವಿವರ ಪ್ರಕಟಿಸಿದರು. ವರ್ಷಕ್ಕೆ ಸುಮಾರು 30 ನೋವಾ ಸಿಡಿಯುತ್ತವೆಂದು ಅಂದಾಜಿಸಿದರು. 1953ರಿಂದ 55ರವರೆಗೆ ಹಾಲ್ಟನ್ ಆರ್ಪ್ ಮೌಂಟ್ ವಿಲ್ಸನ್‌ನ 60 ಇಂಚಿನ ದೂರದರ್ಶಕವನ್ನು ಸಾಧ್ಯವಾದ ರಾತ್ರಿಗಳಲ್ಲೆಲ್ಲ ಅತ್ತ ತಿರುಗಿಸಿ 30 ನೋವಾಗಳನ್ನು ಹಿಡಿದರು. 2006ರ ಹೊತ್ತಿಗೆ ಅಂದಾಜು ವರ್ಷಕ್ಕೆ 65ಕ್ಕೇರಿತು.

ಈ ನಡುವೆ ಒಂದು ನಿಯಮ ನೆಲೆಯೂರಿತ್ತು: ನೋವಾ ಎಷ್ಟು ಪ್ರಖರವೋ ಅಷ್ಟು ಬೇಗ ಮಂಕಾಗುತ್ತದೆ. ಗೆಲಾಕ್ಸಿಗಳ ದೂರ ಅಳೆಯಲೂ ಇದನ್ನು ಬಳಸುತ್ತಿದ್ದರು. ಆದರೆ ತಿಂಗಳಿಗೊಮ್ಮೆ ತೋಟಕ್ಕೆ ಹೋಗುವವರಿಗೆ ಒಂದೇ ರಾತ್ರಿ ಅರಳಿ ಬಾಡುವ ಬ್ರಹ್ಮಕಮಲ ಕಾಣುವುದೆಲ್ಲಿಂದ? ಮಂಕಾಗಿದ್ದೂ ಬೇಗ ಆರುವ ನೋವಾಗಳು ಲೆಕ್ಕಕ್ಕೇ ಬಂದಿರಲಿಲ್ಲ.

ಹುಬ್ಬಳ್ಳಿಯ ಹುಡುಗ, ಪಾಲೊಮಾರ್‌ನ ಬೆಟ್ಟ

ಈ ಕೊರತೆಯನ್ನು ತುಂಬಿದವರಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮುಖ್ಯರು. ಇದರ ಜೊತೆಗೆ ಇನ್ನೊಂದು ಕೊರತೆಯೂ ಇತ್ತು: ನೋವಾಕ್ಕಿಂತ ಪ್ರಖರ, ಸೂಪರ್‌ನೋವಾಕ್ಕಿಂತ ಮಂಕು ಎನ್ನುವಂಥ ಸ್ಫೋಟಗಳು ಆಗ ಹೆಚ್ಚೇನೂ ತಿಳಿದಿರಲಿಲ್ಲ. 2006ರಲ್ಲಿ ಎಂ85 ಗೆಲಾಕ್ಸಿಯಲ್ಲಿ ಅಂಥ ಕೆಂಪು ಬೆಳಕೊಂದು ಕಂಡಾಗ, ಎರಡು ತಾರೆಗಳು ಬೆರೆತು ಒಂದಾಗಿರಬಹುದೆಂದು ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲಿ ಬರೆದರು. ನಮ್ಮದೇ ಗೆಲಾಕ್ಸಿಯ ವೃಶ್ಚಿಕದಲ್ಲಿ 2008ರಲ್ಲಿ ಸಿಡಿದ ವಿ1309 ಎಂಬ ಜೋಡಿತಾರೆಯ ಹಳೆಯ ದಾಖಲೆಗಳು, ಎರಡು ತಾರೆಗಳು ಸುತ್ತುತ್ತ ಹತ್ತಿರವಾಗಿ ಬೆರೆಯುವುದನ್ನು ಸ್ಪಷ್ಟವಾಗಿ ತೋರಿಸಿದವು.

ಕುಲಕರ್ಣಿಯವರ ಶಿಷ್ಯೆ ಮಾನ್ಸಿ ಕಸ್ಲಿವಾಲ್ ಕ್ಯಾಲಿಫೋರ್ನಿಯಾದ ಪಾಲೊಮಾರ್‌ನ 60 ಇಂಚಿನ ದೂರದರ್ಶಕದಿಂದ ಹತ್ತಿರದ ಕೆಲವೇ ಗೆಲಾಕ್ಸಿಗಳನ್ನು ಬಿಡದೆ ನೋಡುತ್ತ ಹೋದರು. 2011ರಲ್ಲಿ ಪ್ರಕಟವಾದ ಅವರ ತಂಡದ ಫಲಿತಾಂಶ ಹಳೆಯ ನಿಯಮವನ್ನೇ ಅಲುಗಿಸಿತು. ಮಂಕಾದ, ಬೇಗ ಆರುವ ನೋವಾಗಳ ಹೊಸ ಗುಂಪೇ ಅಲ್ಲಿತ್ತು. ಇದೇ ಛಲ 2009ರ ಪಾಲೊಮಾರ್ ಸಮೀಕ್ಷೆಯಲ್ಲೂ 2018ರ ಜ್ವಿಕಿ ಸಮೀಕ್ಷೆಯಲ್ಲೂ ಹಿಗ್ಗಿತು. ಜ್ವಿಕಿ ಕ್ಯಾಮೆರಾ ಒಂದೇ ಚಿತ್ರದಲ್ಲಿ 47 ಚದರ ಡಿಗ್ರಿ ಬಾನನ್ನು ಹಿಡಿಯುತ್ತದೆ. ಹುಣ್ಣಿಮೆ ಚಂದ್ರ ಆವರಿಸುವ ಜಾಗದ ಇನ್ನೂರಕ್ಕೂ ಹೆಚ್ಚು ಪಟ್ಟು. ಈ ಎರಡೂ ಸಮೀಕ್ಷೆಗಳನ್ನು ಕಟ್ಟಿ ನಡೆಸಿದ ಕುಲಕರ್ಣಿಯವರಿಗೆ 2024ರ ಶಾ ಪ್ರಶಸ್ತಿ ಸಂದಿತು.

ಹೊಸಕೋಟೆಯಿಂದ ಹಾನ್ಲೆಗೆ

ಇದಕ್ಕೆ ಬೇಕಾದ ಆಕಾಶ ಎಲ್ಲ ಕಡೆ ಸಿಗದು. ಬಂಟ್ವಾಳ ತಾಲೂಕಿನ ವಾಮದಪದವಿನ ಕಡೆ ನವೆಂಬರಿನ ತಿಳಿಯಾದ ರಾತ್ರಿ ಒಂಬತ್ತರ ಹೊತ್ತಿಗೆ ಆಂಡ್ರೊಮೆಡಾ ಉತ್ತರದಲ್ಲಿ ಎತ್ತರಕ್ಕೇರಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ; ಆದರೆ ಜೂನ್‌ನಿಂದ ನಾಲ್ಕು ತಿಂಗಳು ಕರಾವಳಿಯ ಬಾನಿಗೆ ಮೋಡದ ಮುಚ್ಚಳ. ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯನ್ನು ಆರಿಸಿದ್ದು ಅಲ್ಲಿನ ಒಣ, ತಿಳಿ ಬಾನಿಗಾಗಿ. 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ 2000ದಲ್ಲಿ ಕಣ್ಣು ತೆರೆಯಿತು. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಸಂಸ್ಥೆಯಲ್ಲಿ ನೋವಾ ಅಧ್ಯಯನ ಅದಕ್ಕಿಂತ ಹಳೆಯದು. ಆರ್‌ಎಸ್ ಓಫಿಯೂಕಿ ನೋವಾದ 1985ರ ಸ್ಫೋಟವನ್ನು ಕಾವಲೂರಿನ ವೀಕ್ಷಣಾಲಯದಿಂದ ಅಭ್ಯಸಿಸಿದವರಲ್ಲಿ ಜಿ. ಸಿ. ಅನುಪಮಾ ಒಬ್ಬರು. 2018ರಲ್ಲಿ ಹಾನ್ಲೆಗೆ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ರೋಬೋ ದೂರದರ್ಶಕವೂ ಬಂತು. ಇದು ಮುಂಬಯಿ ಐಐಟಿಯ ಜೊತೆಗೂಡಿ ಮಾಡಿದ ಕೆಲಸ.

ಇವೆರಡೂ ಕಾಯುವ ನೋವಾಗಳಲ್ಲಿ ಆಂಡ್ರೊಮೆಡಾದ ಎಂ31ಎನ್ 2008-12ಎ ವಿಶಿಷ್ಟವಾದದ್ದು. ಜಪಾನಿನ ನಿಷಿಯಾಮ ಮತ್ತು ಕಬಾಷಿಮ ಎಂಬ ಹವ್ಯಾಸಿಗಳು 2008ರಲ್ಲಿ ಕಂಡ ಇದು ಹೆಚ್ಚುಕಡಿಮೆ ಪ್ರತಿ ವರ್ಷ ಸಿಡಿಯುತ್ತದೆ. ಅದರ ಶ್ವೇತಕುಬ್ಜದ ತೂಕ ಚಂದ್ರಶೇಖರ್ ಮಿತಿಯ, ಅಂದರೆ ಶ್ವೇತಕುಬ್ಜ ತಾಳಬಲ್ಲ ಗರಿಷ್ಠ ತೂಕದ, ಅಂಚಿಗೆ ಬಂದಿದೆ. ತೂಕ ಹೆಚ್ಚಿದಷ್ಟೂ ಸ್ಫೋಟಕ್ಕೆ ತೆಳು ಪದರ ಸಾಕಾಗುತ್ತದೆ, ಬೆಳಕೂ ಬೇಗ ಕುಗ್ಗುತ್ತದೆ. ಎರಡು ದಿನ ತುಂಬುವುದರೊಳಗೆ ಆರನೇ ಒಂದು ಭಾಗವಷ್ಟೇ ಉಳಿಯುತ್ತದೆ. ಒಂದು ರಾತ್ರಿ ತಪ್ಪಿದರೂ ಅರ್ಧ ಕಥೆ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಹಗಲಾದಾಗ ಹಾನ್ಲೆಯಲ್ಲಿ ರಾತ್ರಿ, ಹಾಗಾಗಿ ನಮ್ಮ ದೂರದರ್ಶಕಗಳಿಲ್ಲದೆ ಈ ದಾಖಲೆ ಪೂರ್ತಿಯಾಗದು. 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಅದೇ ಗೆಲಾಕ್ಸಿಯ ನೋವಾಗಳನ್ನು ವಾತಾವರಣದಾಚೆಯಿಂದ ತೋರಿಸಿದೆ.

ಮುಂದೇನು?

ಚಿಲಿಯಲ್ಲಿ 8.4 ಮೀಟರಿನ ರೂಬಿನ್ ದೂರದರ್ಶಕ 2025ರಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿದೆ. ದಕ್ಷಿಣದ ಬಾನಿನಲ್ಲಿ ಅದು ಕಾಣಿಸುವ ಕ್ಷಣಿಕ ಬೆಳಕುಗಳ ಬೆನ್ನು ಹತ್ತಲು ಊರೂರಿನ ದೂರದರ್ಶಕಗಳು ಬೇಕು. ಆಂಡ್ರೊಮೆಡಾವಂತೂ ಚಿಲಿಯಿಂದ ದಿಗಂತದ ಸನಿಹದಲ್ಲಷ್ಟೇ ಇಣುಕುತ್ತದೆ. ಅದರ ಕಾವಲು ಉತ್ತರಾರ್ಧದವರದೇ. ಹಾನ್ಲೆಯ 70 ಸೆಂಟಿಮೀಟರಿನ ಕನ್ನಡಿಗೇ ಇಷ್ಟು ಕೆಲಸ ಸಾಧ್ಯವೆಂದರೆ, ಅಂಥ ಇನ್ನಷ್ಟು ಸಣ್ಣ ದೂರದರ್ಶಕಗಳನ್ನು ನೆಡುವುದು ನಮ್ಮ ವಿಜ್ಞಾನ ಮಾಡಬಹುದಾದ ಅತ್ಯಂತ ಸಾರ್ಥಕ ಖರ್ಚುಗಳಲ್ಲೊಂದು.