ಗಣಿಯ ಸೆಕೆ, ಯಂತ್ರದ ಸೆಕೆ

ನಮ್ಮ ಲಕ್ಕೂರಿನಲ್ಲಿ ಒಂದು ಮನೆಯಿದೆ. ಆ ಮನೆಯ ಹಿರಿಯರು ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫಿನ ಆಳದಲ್ಲಿ, ಮೈಮೇಲೆ ಒಂದು ಚಡ್ಡಿಯ ಹೊರತು ಬೇರೇನೂ ಇಲ್ಲದೆ ದುಡಿದು ಬಂದವರು. ಅವರ ಮೊಮ್ಮಗ ನನ್ನ ಹಳೆಯ ವಿದ್ಯಾರ್ಥಿ. ಅವನು ದಿನವೂ ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗಿ, ಜನರು ಡೇಟಾ ಸೆಂಟರು ಎಂದು ಕರೆಯುವ ಒಂದು ಯಂತ್ರಶಾಲೆಯಲ್ಲಿ ಕೆಲಸ ಮಾಡಿ ಬರುತ್ತಾನೆ. ಕಳೆದ ಏಪ್ರಿಲಿನಲ್ಲಿ, ಮಾಡಿನ ಹೆಂಚು ಮುಟ್ಟಿದರೆ ಕೈ ಸುಡುವಂತಿದ್ದ ದಿನಗಳಲ್ಲಿ, ಅವನು ಚೀಲದೊಳಗೆ ಉಣ್ಣೆಯ ಸ್ವೆಟರೊಂದನ್ನು ತುರುಕಿಕೊಳ್ಳುತ್ತಿದ್ದುದನ್ನು ಕಂಡು ನನಗೆ ನಗು ಬಂದಿತು. "ಒಳಗೆ ಚಳಿ, ಸಾರ್" ಎಂದ. ತಾತ ಬೆವರುತ್ತ ದುಡಿದರು. ಮೊಮ್ಮಗ ನಡುಗುತ್ತ ದುಡಿಯುತ್ತಾನೆ. ಇಬ್ಬರ ಧಣಿಗಳಿಗೂ ಇದ್ದ ಚಿಂತೆ ಮಾತ್ರ ಒಂದೇ: ಸೆಕೆಯನ್ನು ಹೊರಗೆ ಹಾಕುವುದು ಹೇಗೆ, ಅದಕ್ಕೆ ತಗಲುವ ವಿದ್ಯುತ್ತು ಎಷ್ಟು?

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಜಿಲ್ಲೆಯ ಹಳೆಯ ಸಂಗತಿಗಳನ್ನು ಕೆದಕುವ ಚಟ ಹತ್ತಿದವನಿಗೆ ಈ ಹೋಲಿಕೆಯನ್ನು ದಾಟಿ ಮುಂದೆ ಹೋಗುವುದು ಕಷ್ಟ.

೧೯೦೨ನೆಯ ಇಸವಿ ಜೂನ್ ೩೦ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೯೨ ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಜಗತ್ತೇ ಬೆರಗಾಗುವ ಸಾಹಸ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ರಾಜಧಾನಿಗಿಂತ ಮೂರು ವರ್ಷ ಮೊದಲೇ ನಮ್ಮ ಜಿಲ್ಲೆಯ ಯಂತ್ರಗಳು ಕಾವೇರಿಯ ಬಲದಿಂದ ತಿರುಗಿದುವು. ಈ ಯೋಜನೆಗಾಗಿ ಹೆಣಗಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ. ಅವರು ೧೯೦೧ರಲ್ಲಿಯೇ ತೀರಿಕೊಂಡಿದ್ದರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಬೇಸಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು. ನದಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಗಣಿಗಳಿಗೆ ಹನ್ನೆರಡು ತಿಂಗಳೂ ಒಂದೇ ಸಮನಾಗಿ ವಿದ್ಯುತ್ತು ಒದಗಬೇಕಾದರೆ ಮೇಲೆಲ್ಲಾದರೂ ನೀರನ್ನು ಹಿಡಿದಿಡಬೇಕಾಗಿತ್ತು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆ ಮಂಡ್ಯದ ಗದ್ದೆಗಳ ಕನಸಿನ ಜೊತೆಗೆ ಕೋಲಾರದ ಗಣಿಗಳ ಬೇಡಿಕೆಯೂ ಇತ್ತೆಂಬುದನ್ನು ನಾವು ಮರೆತಿದ್ದೇವೆ. ನಮ್ಮ ಸೀಮೆಯಲ್ಲಿ ವಿದ್ಯುತ್ತಿನ ಲೆಕ್ಕ ಬರೆಯಲು ಕುಳಿತರೆ ಎರಡನೆಯ ಸಾಲಿಗೇ ನೀರಿನ ಲೆಕ್ಕ ಬಂದುಬಿಡುತ್ತದೆ. ಇದನ್ನು ಮುಂದೆ ಮತ್ತೆ ನೋಡೋಣ.

ಗಣಿ ಆಳವಾದಂತೆ ಸೆಕೆಯೂ ಹೆಚ್ಚಿತು. ಚಾಂಪಿಯನ್ ರೀಫಿನ ತಳ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ. ಅಲ್ಲಿನ ಬಂಡೆಯ ಶಾಖ ಅರವತ್ತು ಡಿಗ್ರಿ ಸೆಲ್ಸಿಯಸನ್ನು ಮೀರುತ್ತಿತ್ತು. ಮೇಲಿನಿಂದ ಗಾಳಿ ಬಿಟ್ಟರೆ ಸಾಲದೆ ಎಂದರೆ, ಸಾಲದು. ಗಾಳಿ ಕೆಳಗಿಳಿದಂತೆ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಬಿಸಿಯಾಗುತ್ತದೆ. ಒಣ ಗಾಳಿಯಾದರೆ ಸಾವಿರ ಮೀಟರಿಗೆ ಹತ್ತಿರ ಹತ್ತಿರ ಹತ್ತು ಡಿಗ್ರಿ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದಿಲ್ಲವೆ, ಹಾಗೆ. ಆದುದರಿಂದ ನೆಲದ ಮೇಲೆಯೇ ದೊಡ್ಡ ಶೈತ್ಯಯಂತ್ರಗಳನ್ನು ಕೂಡಿಸಿ, ಗಾಳಿಯನ್ನು ತಣಿಸಿ ಕೆಳಗೆ ಕಳಿಸಬೇಕಾಯಿತು.

ಹಾಗೆ ದುಡ್ಡು ಸುರಿದು ತಣಿಸಿದ ಗಾಳಿ ಕೆಲಸಗಾರನ ಮುಖವನ್ನು ತಲಪುವ ಮೊದಲೇ ದಾರಿ ತಪ್ಪಿದರೆ? ಹಳೆಯ, ಕೈಬಿಟ್ಟ ಸುರಂಗಗಳು ಅಲ್ಲಿ ನೂರಾರು. ಇಳಿಯುವ ತಂಪು ಗಾಳಿಗೆ ಒಂದು ದಾರಿ, ಏರುವ ಬಿಸಿ ಗಾಳಿಗೆ ಇನ್ನೊಂದು ದಾರಿ. ನಡುವೆ ಗೋಡೆ, ಗೋಡೆಯಲ್ಲಿ ಬಾಗಿಲು. ಈ ಬಾಗಿಲುಗಳ ಮಾತೆತ್ತಿದಾಗ ನಮ್ಮ ಹಿರಿಯರ ಮುಖ ಇಂದಿಗೂ ಗಂಭೀರವಾಗುತ್ತದೆ. "ಯಾರಾದರೂ ಬಾಗಿಲು ತೆರೆದು ಹಾಗೇ ಹೋದರೆ ಸ್ವಲ್ಪ ಹೊತ್ತಿಗೇ ಗೊತ್ತಾಗೋದು, ಮೇಷ್ಟ್ರೆ. ಉಸಿರು ದಪ್ಪ ಆಗೋದು. ಬೈಯೋಕೂ ಶಕ್ತಿ ಇರ್ತಿರಲಿಲ್ಲ" ಎಂದು ಅವರು ಒಮ್ಮೆ ಹೇಳಿದರು. ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದುವು. ಪಂಪುಗಳು ನಿಂತ ಮೇಲೆ ಆ ದಾರಿಗಳಲ್ಲಿ ನೀರು ತುಂಬಿಕೊಂಡಿತು.

ಇನ್ನು ಮೊಮ್ಮಗನ ಯಂತ್ರಶಾಲೆಗೆ ಬರೋಣ. ನಾವು ಫೋನಿನಲ್ಲಿ ಕಳಿಸುವ ಮದುವೆಯ ಚಿತ್ರ, ಬ್ಯಾಂಕಿನ ಲೆಕ್ಕ, ರೈಲಿನ ಟಿಕೇಟು ಇವೆಲ್ಲ ಎಲ್ಲೋ ಆಕಾಶದಲ್ಲಿ ತೇಲುತ್ತಿರುತ್ತವೆ ಎಂದು ನಾನೂ ಬಹುಕಾಲ ನಂಬಿದ್ದೆ. ಅವು ಇರುವುದು ಇಂಥ ಶಾಲೆಗಳಲ್ಲಿ, ಬೀರುಗಳಂತೆ ಸಾಲಾಗಿ ನಿಂತ ಗಣಕಗಳ ಹೊಟ್ಟೆಯಲ್ಲಿ. ಗಣಕ ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಆ ಶಾಖವನ್ನು ಓಡಿಸಲು ಮತ್ತಷ್ಟು ವಿದ್ಯುತ್ತು. ಎಷ್ಟು ಎಂಬುದನ್ನು ಅಳೆಯಲು ೨೦೦೭ರಿಂದ ಒಂದು ಅಳತೆ ಬಳಕೆಗೆ ಬಂದಿದೆ. ಅದನ್ನು ಪಿ.ಯು.ಇ. ಎನ್ನುತ್ತಾರೆ. ಶಾಲೆ ಬಳಸಿದ ಒಟ್ಟು ವಿದ್ಯುತ್ತನ್ನು ಗಣಕಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಬೇಕು. ಒಂದು ಬಂದರೆ ಪರಿಪೂರ್ಣ. ಎರಡು ಬಂದರೆ, ನೂರು ರೂಪಾಯಿನ ರಾಗಿ ತರಲು ನೂರು ರೂಪಾಯಿ ಗಾಡಿ ಬಾಡಿಗೆ ಕೊಟ್ಟಂತೆ. ಅಪ್‌ಟೈಮ್ ಎಂಬ ಸಂಸ್ಥೆಯ ಸಮೀಕ್ಷೆಯಲ್ಲಿ ಈ ಅಂಕಿ ೨೦೦೭ರಲ್ಲಿ ಸರಾಸರಿ ೨.೫ ಇದ್ದದ್ದು ೨೦೨೩ರಲ್ಲಿ ೧.೫೮ಕ್ಕೆ ಇಳಿದಿತ್ತು.

ಇಳಿದದ್ದು ಹೇಗೆ? ಮೊದಲ ಉಪಾಯ ಗಣಿಯವರದೇ. ೧೯೯೨ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಸಲ್ಲಿವನ್ ಎಂಬಾತ ಗಣಕಗಳ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ನಿಲ್ಲಿಸಿದ. ಮುಖಗಳ ನಡುವಿನ ಓಣಿಗೆ ತಂಪು ಗಾಳಿ, ಬೆನ್ನುಗಳ ನಡುವಿನ ಓಣಿಗೆ ಬಿಸಿ ಗಾಳಿ. ಆಮೇಲೆ ಓಣಿಗಳಿಗೆ ಮಾಡು, ಬಾಗಿಲುಗಳೂ ಬಂದುವು. ಇದನ್ನು ವಿವರಿಸಿದಾಗ ಹಿರಿಯರು ಮೊಮ್ಮಗನತ್ತ ತಿರುಗಿ, "ಇದಕ್ಕೆ ನೀನು ಇಂಜಿನಿಯರಿಂಗ್ ಓದಬೇಕಾಗಿತ್ತೇನೋ?" ಎಂದರು.

ಎರಡನೆಯ ಉಪಾಯದಲ್ಲಿ ಮಾತ್ರ ಗಣಿಗೂ ಯಂತ್ರಶಾಲೆಗೂ ದಾರಿ ಬೇರೆಯಾಗುತ್ತದೆ. ಗಣಿಯಲ್ಲಿ ಇದ್ದವನು ಮನುಷ್ಯ. ಬೆವರು ಆರದಂಥ ಗಾಳಿಯಲ್ಲಿ ಅವನು ಬದುಕಲಾರ; ಅವನಿಗಾಗಿ ತಂಪು ಮಾಡಲೇಬೇಕು. ಗಣಕಕ್ಕೆ ಅಂಥ ನಿರ್ಬಂಧವಿಲ್ಲ. ಆದರೂ ಬಹುಕಾಲ ಅದನ್ನು ಹಸುಗೂಸಿನಂತೆ ಕಾಪಾಡಿದರು. ೨೦೦೪ರಲ್ಲಿ ಅಮೆರಿಕದ ಆಶ್ರೇ ಎಂಬ ಶೈತ್ಯತಜ್ಞರ ಸಂಘ ೨೦ರಿಂದ ೨೫ ಡಿಗ್ರಿಯೊಳಗೆ ಇಡಿ ಎಂದಿತು; ೨೦೦೮ರಲ್ಲಿ ೨೭ರವರೆಗೂ ಹೋಗಬಹುದು ಎಂದಿತು. ಸಮಭಾಜಕ ವೃತ್ತದ ಮಗ್ಗುಲಲ್ಲೇ ಇರುವ ಸಿಂಗಪುರ, ವಿದ್ಯುತ್ತಿನ ಭಾರಕ್ಕೆ ಹೆದರಿ ೨೦೧೯ರಿಂದ ೨೦೨೨ರವರೆಗೆ ಹೊಸ ಡೇಟಾ ಸೆಂಟರುಗಳಿಗೆ ತಡೆ ಹಾಕಿತ್ತು. ೨೦೨೩ರಲ್ಲಿ ಅದು ಉಷ್ಣವಲಯಕ್ಕೆಂದೇ ಒಂದು ಮಾನಕವನ್ನು ಹೊರಡಿಸಿತು. ಅದರ ಸಾರ ಇಷ್ಟೇ: ೨೬ ಡಿಗ್ರಿಗೂ ಅದರ ಮೇಲಕ್ಕೂ ಹೋಗಿ, ಒಂದೊಂದು ಡಿಗ್ರಿ ಏರಿಸಿದಾಗಲೂ ತಂಪಿಗಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಉಳಿಯುತ್ತದೆ. ನನ್ನ ಶಿಷ್ಯನ ಸ್ವೆಟರಿಗೆ ಇನ್ನು ಕಾರಣವಿಲ್ಲ ಎಂದಾಯಿತು.

ಆದರೆ ನನಗೆ ನೆಮ್ಮದಿಯಿಲ್ಲ. ವಿದ್ಯುತ್ತನ್ನು ಉಳಿಸಲು ಇನ್ನೊಂದು ದಾರಿ ಇದೆ. ಮಣ್ಣಿನ ಹೂಜಿಯ ದಾರಿ: ನೀರನ್ನು ಆವಿಯಾಗಲು ಬಿಟ್ಟು ಶಾಖವನ್ನು ಅದರೊಡನೆ ಕಳಿಸಿಬಿಡುವುದು. ಇದಕ್ಕೆ ಒಣ ಗಾಳಿ ಬೇಕು. ಸಿಂಗಪುರದ ಒದ್ದೆ ಗಾಳಿಯಲ್ಲಿ ಇದರ ಆಟ ಅಷ್ಟಾಗಿ ನಡೆಯದು. ಸಮುದ್ರಮಟ್ಟಕ್ಕಿಂತ ಎಂಟು-ಒಂಬತ್ತು ನೂರು ಮೀಟರು ಎತ್ತರದ ನಮ್ಮ ಬಯಲುಸೀಮೆಯಲ್ಲಿ, ಮಾರ್ಚಿ-ಏಪ್ರಿಲಿನಲ್ಲಿ, ಬಲು ಚೆನ್ನಾಗಿ ನಡೆಯುತ್ತದೆ. ಪಿ.ಯು.ಇ. ಅಂಕಿ ಕಣ್ಣಿಗೆ ಹಬ್ಬವಾಗುವಂತೆ ಇಳಿಯುತ್ತದೆ. ಕೆರೆಯ ತಳ ಬಿರುಕು ಬಿಟ್ಟಿರುವ ತಿಂಗಳುಗಳೂ ಅವೇ.

ಲೆಕ್ಕವೇನೂ ಕಷ್ಟದ್ದಲ್ಲ. ಒಂದು ಲೀಟರು ನೀರು ಆವಿಯಾದರೆ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಹೋಗುತ್ತದೆ. ಒಂದು ಮೆಗಾವಾಟಿನ ಶಾಖವನ್ನು ಪೂರ್ತಿ ಹೀಗೆಯೇ ಕಳೆಯುವುದಾದರೆ ದಿನಕ್ಕೆ ಸುಮಾರು ೩೫ ಸಾವಿರ ಲೀಟರು, ಎಂದರೆ ಆರೇಳು ಟ್ಯಾಂಕರು. ದೊಡ್ಡ ಶಾಲೆಗಳು ಒಂದು ಮೆಗಾವಾಟಿಗೆ ನಿಲ್ಲುವುದಿಲ್ಲ. ಪಿ.ಯು.ಇ.ಯಲ್ಲಿ ಈ ನೀರು ಎಲ್ಲಿಯೂ ಕಾಣಿಸುವುದಿಲ್ಲ. ನೀರಿಗೆಂದು ಬೇರೊಂದು ಅಳತೆಯನ್ನು ೨೦೧೧ರಲ್ಲಿ ಮಾಡಿದರು; ಜಾಹೀರಾತುಗಳಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೊಂದಿಲ್ಲ. ಸಾವಿರ ಅಡಿ ಕೊಳವೆಬಾವಿ ಕೊರೆದು ಧೂಳು ಕಂಡ ರೈತರು ನಮ್ಮಲ್ಲಿ ಹೇರಳ. ೨೦೧೮ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಇನ್ನೂ ಒಂದು ಹಂತ ಶುದ್ಧಿಮಾಡಿ ಕೊಡಿ ಎಂಬ ಕೂಗು ಇದ್ದೇ ಇದೆ. ನಗರದ ಬಚ್ಚಲ ನೀರಿಗೆ ಕೆರೆ ಚಾಚಿ ನಿಂತಿರುವ ಜಿಲ್ಲೆಯ ಪಕ್ಕದಲ್ಲಿ, ಅದೇ ನಗರದ ಗಣಕಗಳನ್ನು ತಣಿಸಲು ನೀರನ್ನು ಆವಿಮಾಡಿ ಆಕಾಶಕ್ಕೆ ಬಿಡುವುದನ್ನು ಮಿತವ್ಯಯ ಎಂದು ಕರೆಯಲು ನನ್ನ ನಾಲಗೆ ಏಳದು.

ಬೇರೆ ದಾರಿ ಇಲ್ಲದಿಲ್ಲ. ಗಾಳಿಯ ಬದಲು ಕೊಳವೆಗಳಲ್ಲಿ ದ್ರವವನ್ನು ಗಣಕದ ಬಿಸಿಯ ಮೂಲಕ್ಕೇ ಮುಟ್ಟಿಸುವ ಯಂತ್ರಗಳು ಈಗ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕ ಈ ಬಗೆಯದು. ದ್ರವ ಗಾಳಿಗಿಂತ ಎಷ್ಟೋ ಪಾಲು ಶಾಖವನ್ನು ಹೊರಬಲ್ಲುದಾದುದರಿಂದ ಅದು ತಣ್ಣಗಿರಬೇಕಾಗಿಲ್ಲ. ನಲವತ್ತು ಡಿಗ್ರಿಯ ಉಗುರುಬೆಚ್ಚನೆಯ ನೀರಾದರೂ ಕೆಲಸ ಸಾಗುತ್ತದೆ. ಮಾಲೂರಿನ ಕಡುಬೇಸಗೆಯ ಮಧ್ಯಾಹ್ನವೂ ಸಾಮಾನ್ಯವಾಗಿ ಅದಕ್ಕಿಂತ ತಂಪೇ. ಹಾಗಾದಾಗ ಆ ನೀರನ್ನು ಮೋಟಾರು ಕಾರಿನ ರೇಡಿಯೇಟರಿನಂಥದರಲ್ಲಿ ಹರಿಸಿ ಬರಿಯ ಗಾಳಿಗೆ ಒಡ್ಡಿದರೆ ಸಾಕು. ಶೈತ್ಯಯಂತ್ರಕ್ಕೂ ಕೆಲಸವಿಲ್ಲ, ನೀರೂ ಆವಿಯಾಗದೆ ಅದೇ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಮೊದಲ ಬಂಡವಾಳ ಹೆಚ್ಚು, ನಿಜ. ಶಿವನಸಮುದ್ರಕ್ಕೂ ಹಾಗೆಯೇ ಹೇಳಿದವರಿದ್ದಿರಬೇಕು.

ಹೋದ ವಾರ ಆ ಮನೆಯ ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ಹೇಳುತ್ತಿದ್ದೆ. ಮೊಮ್ಮಗ, ತಮ್ಮಲ್ಲಿಯೂ ಈಗ ೨೧ ಡಿಗ್ರಿಯಿಂದ ೨೫ಕ್ಕೆ ಏರಿಸಿದ್ದಾರೆಂದೂ ಸ್ವೆಟರು ಮನೆಯಲ್ಲೇ ಉಳಿದಿದೆಯೆಂದೂ ಹೇಳಿದ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಲ್ಲಿ ಮೇಲೆ ಹೊಗೆ ಹಾಗೆ ಆವಿ ಏಳುತ್ತೆ ಅಂದಿದ್ದೆಯಲ್ಲ, ಆ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದರು.

"ಟ್ಯಾಂಕರಲ್ಲಿ, ತಾತ."

"ಟ್ಯಾಂಕರು ಎಲ್ಲಿ ತುಂಬುತ್ತೆ?"

ಅವನಿಗೆ ತಿಳಿದಿರಲಿಲ್ಲ. ಸೋಮವಾರ ಕೇಳಿಕೊಂಡು ಬರುತ್ತೇನೆ ಎಂದ.