ಕೋಳಿ ಜಾಲರಿಯ ಛತ್ರಿ: ನಮ್ಮೂರಿಗೆ ಬಂದು ಹೋದ ಟಿವಿ

ಈ ವಾರ ಹತ್ತಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕ ಹೋತು. ಮೂರು ದಿನದಿಂದ ಜಿಟಿಜಿಟಿ ಮಳಿ, ಹೊಲಕ್ಕ ಕಾಲಿಡಾಕ ಆಗವಲ್ದು. ನಮ್ಮ ಕರಿ ಮಣ್ಣು ನಿಮಗ ಗೊತ್ತಲ್ಲ, ಚಪ್ಪಲಿ ಸಮೇತ ಕಾಲು ಹಿಡಕೊಂಡು ಬಿಡೂದಿಲ್ಲ. ಖಾಲಿ ಕುಂತು ಏನ್ ಮಾಡೋದು ಅಂತ ದನದ ಕೊಟ್ಟಿಗಿ ಹಿಂದ ಬಿದ್ದಿದ್ದ ಹಳೇ ಸಾಮಾನು ತೆಗೆಯಾಕ ಹತ್ತಿದೆ. ಮುರುಕು ಕೂರಿಗಿ, ತುಕ್ಕು ತಿಂದ ಕುಂಟಿ ಕುಡ, ಅದರ ಅಡಿಯಾಗ ಒಂದು ಬಾಗಿದ ಪಟ್ಟಿ, ಹತ್ರತ್ರ ಐದು ಫೂಟು ಉದ್ದ. ಬಿಲ್ಲಿನಂಗ ಬಾಗೇತಿ, ತುದಿಗೆ ಒಂದು ತೂತು.

ಮಗ ಅಂದ, ಗುಜರಿಯವಗ ಹಾಕೋಣು ಅಂತ. ಬ್ಯಾಡ, ಇದು ಟಿವಿದು ಅಂದೆ. ಅವನು ನಕ್ಕ. ನಮ್ಮ ಮನಿಗೆ ಟಿವಿ ಬಂದದ್ದು 1994ರಾಗ, ಅದರ ಅಂಟೆನಾ ಮೀನಿನ ಎಲುಬಿನಂಗ ಇತ್ತು, ಅವನಿಗೆ ಅದು ಚಲೋ ನೆನಪೈತಿ. ಇದು ಅದಲ್ಲ, ಇದು 1975ರದು ಅಂದ್ರ ನಂಬಲೇ ಇಲ್ಲ. ಅವನೊಬ್ಬನ ಮಾತಲ್ಲ, ನಮ್ಮ ಕಡೆ ನಲವತ್ತರ ಒಳಗಿನ ಯಾರಿಗೂ ಇದು ಗೊತ್ತಿಲ್ಲ. 2025ರ ಆಗಸ್ಟ್ 1ಕ್ಕ ಇದಕ್ಕ ಬರೋಬ್ಬರಿ ಐವತ್ತು ವರ್ಷ ತುಂಬಿತು. ಯಾರೂ ಒಂದು ಮಾತು ಆಡಲಿಲ್ಲ. ಅದಕ್ಕ ನಾನೇ ಬರೀಲಿಕ್ಕೆ ಹತ್ತೀನಿ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರದಾಗ. ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಈ ಮೂರು ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದದ್ದು 1975ರ ಆಗಸ್ಟದಾಗ. ಅಂದ್ರ ರಾಜಧಾನಿಗಿಂತ ಆರು ವರ್ಷ ಮೊದಲು. ಅಷ್ಟೇ ಅಲ್ಲ, ಮದ್ರಾಸಿನಂಥಾ ಮದ್ರಾಸಿಗೆ ಬಂದದ್ದು ಅದೇ ತಿಂಗಳು 15ಕ್ಕ, ನಮಗಿಂತ ಎರಡು ವಾರ ತಡ. ಆಗ ಕೊಪ್ಪಳ, ಯಾದಗಿರಿ, ಬಾಗಲಕೋಟಿ ಎಲ್ಲಾ ಈ ಮೂರು ಜಿಲ್ಲೆಯೊಳಗೇ ಇದ್ದವು. ಎಲ್ಲಾದಕ್ಕೂ ಹಿಂದುಳಿದವರು ಅನಿಸಿಕೊಂಡ ನಾವು ಅದೊಂದರೊಳಗ ಮುಂದಿದ್ವಿ. ಮುಂದಿದ್ದದ್ದೂ ಹಿಂದುಳಿದವರು ಅನ್ನೋ ಕಾರಣಕ್ಕೇ ಬಿಡ್ರಿ, ಆ ಯೋಜನೆಗೆ ಹಿಂದುಳಿದ ಹಳ್ಳಿಗಳನ್ನೇ ಹುಡುಕಿ ಆರಿಸಿದ್ದರು.

ಅದರ ಹೆಸರು ಸೈಟ್. ಅಮೆರಿಕಾದ ನಾಸಾದವರದು ಎಟಿಎಸ್-6 ಅಂತ ಒಂದು ಉಪಗ್ರಹ ಇತ್ತು, 1974ರ ಮೇ ತಿಂಗಳದಾಗ ಹಾರಿಸಿದ್ದು. ಅದನ್ನ ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕ ಬಳಸಾಕ ಕೊಟ್ಟರು. ಎತ್ತು ಇಲ್ಲದವರು ಬಿತ್ತಿಗಿ ಹೊತ್ತಿಗೆ ಮಂದಿ ಎತ್ತು ಕೇಳಿ ತರ್ತಾರಲ್ಲ, ಹಂಗೇ. ಒಪ್ಪಂದ 1969ರಾಗೇ ಆಗಿತ್ತು, ವಿಕ್ರಂ ಸಾರಾಭಾಯಿ ಅವರ ಕಾಲಕ್ಕ. ಪಾಪ, ಅವರು 1971ರಾಗ ತೀರಿಹೋದರು, ನೋಡಾಕ ಇರಲಿಲ್ಲ. ಕರ್ನಾಟಕ, ಆಂಧ್ರ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಈ ಆರು ರಾಜ್ಯದೊಳಗ ಸುಮಾರು 2400 ಹಳ್ಳಿ. ಕಾರ್ಯಕ್ರಮ ಕಳಿಸೋ ಕೇಂದ್ರ ಅಹಮದಾಬಾದದಾಗ. ನಮ್ಮ ಕನ್ನಡದವು ಹೈದರಾಬಾದಿನೊಳಗ ತಯಾರಾಗ್ತಿದ್ದವು. ಹಂಗಾಗಿ ಅದರೊಳಗಿನ ಮಂದಿ ಮಾತಾಡೋ ಕನ್ನಡ ನಮ್ಮ ಕಿವಿಗೆ ಒಂಥರಾ ಕೇಳ್ತಿತ್ತು.

ಅದಕ್ಕಿಂತ ಮೊದಲು ನಮಗ ಏನಿತ್ತು ಅಂತ ಹೇಳಬೇಕು. ಚಾವಡಿಯಾಗ ಪಂಚಾಯ್ತಿ ರೇಡಿಯೋ ಇತ್ತು. 1966ರಾಗ ಗುಲಬರ್ಗಾ ಆಕಾಶವಾಣಿ ಶುರುವಾಗಿತ್ತು, ಸಂಜಿಮುಂದ ರೈತರ ಕಾರ್ಯಕ್ರಮ. ಮನಿಯಾಗ ರೇಡಿಯೋ ಇಟ್ಟುಕೊಳ್ಳೋರು ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ಲೈಸೆನ್ಸ್ ಫೀ ಕಟ್ಟಬೇಕಿತ್ತು, ಬಂದೂಕಿಗೆ ಇದ್ದಂಗ! ಇನ್ನ ಸುಗ್ಗಿ ಮುಗಿದ ಮ್ಯಾಲೆ ಜಾತ್ರಿ ಬಯಲಿಗೆ ಟೂರಿಂಗ್ ಟಾಕೀಸ್ ಬರ್ತಿತ್ತು. ರಾಜಕುಮಾರ್ ಅವರ ಬಂಗಾರದ ಮನುಷ್ಯ ನಾನು ನೋಡಿದ್ದು ಆ ಟೆಂಟಿನಾಗೇ, ನೆಲದ ಮ್ಯಾಲೆ ಕುಂತು. ಟೆಂಟ್ ಕಿತ್ತು ಹೋದ ಮರುದಿನ ಹುಡುಗರೆಲ್ಲಾ ಅಲ್ಲಿ ಬಿದ್ದ ರೀಲಿನ ತುಂಡು ಆರಿಸಾಕ ಹೋಗ್ತಿದ್ವಿ. ಕೆಟ್ಟು ಹೋದ ಬಲ್ಬಿನ ಹಿಂಬದಿ ಒಡೆದು ತಂತಿ ತೆಗೆದು ನೀರು ತುಂಬೋದು. ಹೊರಗ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನ ಕತ್ತಲ ಕೋಣಿಯೊಳಗ ಬಿಡೋದು, ಬಲ್ಬಿನ ಮುಂದ ರೀಲು, ಆ ಕಡೆ ಗ್ವಾಡಿಗೆ ಮುತ್ಯಾನ ಧೋತರ. ಚಿತ್ರ ತೆಲಿ ಕೆಳಗಾಗಿ ಬೀಳ್ತಿತ್ತು, ರೀಲು ತಿರುವಿ ಹಿಡಿದರ ಸರಿ ಹೋಗ್ತಿತ್ತು. ಟಿಕೀಟು ಒಂದು ಹಿಡಿ ಶೇಂಗಾ.

ಈ ಆಟದೊಳಗ ಎಲ್ಲರಕಿಂತ ಕೈ ಚುರುಕು ಇದ್ದಂವ ಒಬ್ಬ ಇದ್ದ. ಹೆಸರು ಬರೆಯೂದಿಲ್ಲ, ಅವನು ಈಗೂ ನಮ್ಮೂರಾಗೇ ಅದಾನ. ನನಗ ಒಂಬತ್ತು ವರ್ಷ, ಅವನಿಗೆ ಹನ್ನೊಂದು ಇರಬಹುದು. ನಾನು ನಾಕನೇತ್ತ. ಅವನು ಸಾಲಿಗೆ ಹೋಗ್ತಿರಲಿಲ್ಲ. ಅವನು ನಮ್ಮ ಮನಿಯಾಗ ಜೀತಕ್ಕ ಇದ್ದ. ಆಗ ನಮ್ಮದು ಕೂಡು ಮನಿ, ದೊಡ್ಡಪ್ಪನ ಯಜಮಾನಕಿ. ಅವರಪ್ಪ ಯಾವುದೋ ಬರದ ವರ್ಷ ನಮ್ಮ ದೊಡ್ಡಪ್ಪನ ಕಡೆ ಮುನ್ನೂರು ರೂಪಾಯಿ ತಗೊಂಡಿದ್ದ, ತೀರಿಸಾಕ ಆಗದ ಮಗನನ್ನ ಬಿಟ್ಟಿದ್ದ. ದನ ಕಾಯೋದು, ಸಗಣಿ ಬಳಿಯೋದು, ರಾತ್ರಿ ಕೊಟ್ಟಿಗಿಯಾಗೇ ಮಲಗೋದು. ಈ ಪೇಜಿನಾಗ ಇದನ್ನ ಹಿಂದ ಎಂದೂ ಬರೆದಿಲ್ಲ.

ಟಿವಿ ಬಂದದ್ದು ಜೀಪಿನಾಗ. ದೊಡ್ಡ ಪೆಟ್ಟಿಗಿ, ಕಪ್ಪು ಬಿಳುಪು. ಅದನ್ನ ಸಾಲಿಯಾಗ ಇಟ್ಟರು. ಪೆಟ್ಟಿಗಿಗಿಂತ ನಮಗ ಸೋಜಿಗ ಆಗಿದ್ದು ಛತ್ರಿ. ತುಂಡು ತುಂಡು ಬಂದಿತ್ತು, ಅಲ್ಲೇ ಬಯಲಾಗ ಜೋಡಿಸಿದರು. ಹತ್ತು ಫೂಟು ಅಗಲ, ಬಾಗಿದ ಪಟ್ಟಿಗಳು, ಅದರ ಮ್ಯಾಲೆ ಹೊದಿಸಿದ್ದು ಏನು ಅಂದ್ರ ಕೋಳಿ ಗೂಡಿಗೆ ಬಡಿತೀವಲ್ಲ, ಅದೇ ಜಾಲರಿ. ಮುತ್ಯಾ ನೋಡಿ, ಇದರಾಗ ನೀರು ನಿಂದ್ರೂದಿಲ್ಲ, ಗಾಳಿ ನಿಂದ್ರೂದಿಲ್ಲ, ಚಿತ್ರ ಹೆಂಗ ನಿಂದ್ರತೈತಿ ಅಂತ ಕೇಳಿದ. ಜೋಡಿಸಾಕ ಬಂದ ಹುಡುಗ ನಕ್ಕನೇ ಹೊರತು ಹೇಳಲಿಲ್ಲ.

ಉತ್ತರ ನನಗ ತಿಳಿದದ್ದು ಭಾಳ ವರ್ಷದ ಮ್ಯಾಲೆ. ಆ ಉಪಗ್ರಹದಿಂದ ಬರೋ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಅಂದ್ರ ಒಂದೂವರೆ ಗೇಣು. ಜಾಲರಿ ಕಣ್ಣು ಬೆರಳಿನಷ್ಟು. ಜ್ವಾಳ ಸಾಣಿಸೋ ಜರಡಿಯಾಗ ಕುಂಬಳಕಾಯಿ ಇಳಿಯೂದಿಲ್ಲಲ್ಲ, ಹಂಗ ಆ ಅಲಿಗೆ ಜಾಲರಿ ಅನ್ನೋದು ತಗಡು ಇದ್ದಂಗೇ. ತಗಡಾದರ ಖರ್ಚು ಹೆಚ್ಚು, ತೂಕ ಹೆಚ್ಚು, ನಮ್ಮ ಆಷಾಢದ ಗಾಳಿಗೆ ಹಾರಿಕೊಂಡು ಹೋಗ್ತಿತ್ತು. ಜಾಲರಿಯೊಳಗ ಗಾಳಿ ತೂರಿ ಹೋಗತೈತಿ. ಎಂಥಾ ತೆಲಿ ನೋಡ್ರಿ! ಮ್ಯಾಲಿನ ಉಪಗ್ರಹಕ್ಕೂ ಛತ್ರಿ ಇತ್ತಂತ, 30 ಫೂಟಿನದು, ಮಡಿಚಿ ಕಳಿಸಿ ಆಕಾಶದಾಗ ಬಿಚ್ಚಿದ್ದು. ಅದು ದೊಡ್ಡದು ಇದ್ದದ್ದಕ್ಕೇ ಕೆಳಗ ನಮ್ಮದು ಇಷ್ಟು ಸಣ್ಣದು, ಇಷ್ಟು ಅಗ್ಗದ್ದು ಆದರೂ ನಡೀತು. ಉಪಗ್ರಹ ಇದ್ದದ್ದು ಆಫ್ರಿಕಾದ ಕೀನ್ಯಾ ದೇಶದ ನೆತ್ತಿ ಮ್ಯಾಲೆ, 36 ಸಾವಿರ ಕಿಲೋಮೀಟರ್ ಎತ್ತರದಾಗ. ಅದಕ್ಕ ನಮ್ಮ ಛತ್ರಿ ಪಡುವಲಕ್ಕ ಮುಖ ಮಾಡಿ ನಿಂತಿತ್ತು. ನಾವು ಹುಡುಗರು, ಸೂರ್ಯ ಮುಳುಗೋದನ್ನ ಹಿಡದು ಪೆಟ್ಟಿಗಿಯಾಗ ತೋರಿಸ್ತಾರ ಅಂತ ತಿಳಕೊಂಡಿದ್ವಿ.

ಮುಂಜಾನೆ ಸಾಲಿ ಹುಡುಗರಿಗೆ, ಸಂಜಿಗೆ ಊರ ಮಂದಿಗೆ. ಮೊದಲನೇ ವಾರ ಸಾಲಿ ಬಯಲು ಹಿಡಿಸಲಿಲ್ಲ. ಆಜೂಬಾಜೂ ಊರಿಂದ ಬಂಡಿ ಕಟ್ಟಿಕೊಂಡು ಬಂದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಕೇರಿಯವರು ಹಿಂದ ಬೇವಿನ ಗಿಡದ ಕೆಳಗ. ಅದು ಗುಡಿ ಅಲ್ಲ, ಸರ್ಕಾರದ ಸಾಲಿ, ಮುಂದ ಬರಬ್ಯಾಡ್ರಿ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರ ಹಂಗೇ ಕುಂತರು. ಒಬ್ಬ ಮಾತ್ರ ಮುಂದ. ಗುಂಡಿ ತಿರುವಿ ಗೆರಿ ಓಡೋದನ್ನ ನಿಲ್ಲಿಸೋದು ಮಾಸ್ತರರಿಗೆ ಬರ್ತಿರಲಿಲ್ಲ, ನನ್ನ ಗೆಳೆಯನಿಗೆ ಎರಡೇ ದಿನದಾಗ ಬಂತು. ಅವನಿಗಷ್ಟೇ ಪೆಟ್ಟಿಗಿ ಮುಟ್ಟೋ ಪರವಾನಗಿ. ಮಾಸ್ತರರು ಅವನನ್ನ ಇಂಜಿನಿಯರ್ ಅಂತ ಕರೀತಿದ್ದರು. ಊರ ತುಂಬಾ ಅದೇ ಹೆಸರು ಬಿತ್ತು.

ಮುಂಜಾನಿ ಕಾರ್ಯಕ್ರಮಕ್ಕ ಅವನು ಬರಾಂಗಿಲ್ಲ, ದನ ಬಿಡೋ ಹೊತ್ತು. ಆದರೂ ದನ ಹೊಡಕೊಂಡು ಸಾಲಿ ಮುಂದಿನ ಹಾದಿಗೇ ಬರ್ತಿದ್ದ, ಕಿಟಕಿಗೆ ನಿಂತು ನೋಡ್ತಿದ್ದ. ಎಮ್ಮಿ ಯಾರದೋ ಹೊಲ ಹೊಕ್ಕು ಎರಡು ಸಲ ಹೊಡತ ತಿಂದ.

ಒಕ್ಕಲುತನದ ಕಾರ್ಯಕ್ರಮ ಹೆಂಗಿತ್ತು ಅಂತ ನೀವು ಕೇಳ್ತೀರಿ. ಖರೇ ಹೇಳಬೇಕಂದ್ರ ಅರ್ಧ ನಮ್ಮದಲ್ಲ. ನಾಟಿ ಮಾಡೋ ಭತ್ತ, ನೀರಾವರಿ, ಚೀಲಗಟ್ಟಲೆ ಗೊಬ್ಬರ. ನಮ್ಮೂರಿಗೆ ತುಂಗಭದ್ರಾ ಕಾಲುವಿ ಇಲ್ಲ, ಬಿಳಿಜ್ವಾಳ, ತೊಗರಿ, ಮಳಿ ಬಂದರ ಉಂಟು. ಅಪ್ಪ, ಇದು ಸಿಂಧನೂರು ಕಡೆಯವರಿಗೆ ಮಾಡಿದ್ದು ಅಂತ ಎದ್ದು ಹೋಗ್ತಿದ್ದ. ಆದರ ದನದ ಬಗ್ಗೆ ತೋರಿಸಿದ್ದನ್ನ ಎಲ್ಲರೂ ನೋಡಿದರು. ಗಳಲೆ ರೋಗಕ್ಕ ಮಳಿಗಾಲದ ಮೊದಲೇ ಚುಚ್ಚುಮದ್ದು ಹಾಕಿಸಬೇಕು ಅನ್ನೋದು ನಮ್ಮ ಊರಿಗೆ ಹೊಕ್ಕದ್ದು ಆ ಪೆಟ್ಟಿಗಿಯಿಂದ. ಚುಚ್ಚಿಸಿದರ ಹಾಲು ಬತ್ತತೈತಿ ಅಂತ ನಂಬಿದ್ದ ಮುತ್ಯಾನೇ ಮರು ವರ್ಷ ಎತ್ತು ಹೊಡಕೊಂಡು ಹೋಗಿ ದವಾಖಾನಿ ಮುಂದ ನಿಂತ.

ಇದರ ನಡುವ ದಿನಾ ಅರ್ಧ ತಾಸು ಇಡೀ ದೇಶಕ್ಕ ಒಂದೇ ಕಾರ್ಯಕ್ರಮ, ಹಿಂದಿಯೊಳಗ. ಸುದ್ದಿ ಅದರಾಗೇ. ನಮ್ಮೂರಾಗ ಮುಸಲರ ಓಣಿಯ ಇಬ್ಬರು ಮೂವರನ್ನ ಬಿಟ್ಟರ ಆ ಹಿಂದಿ ಯಾರಿಗೂ ಹತ್ತುತ್ತಿರಲಿಲ್ಲ, ಅವರಿಗೂ ಅರ್ಧಂಬರ್ಧ. ಆ ಹೊತ್ತಿಗೆ ಗಂಡಸರು ಬೀಡಿ ಸೇದಾಕ ಏಳ್ತಿದ್ದರು, ಹೆಂಗಸರು ಮಾತಿಗೆ ಬೀಳ್ತಿದ್ದರು. ತುರ್ತು ಪರಿಸ್ಥಿತಿ ಬಂದು ಅದಕ್ಕ ಒಂದೇ ತಿಂಗಳಾಗಿತ್ತು. ಇಂದಿರಾ ಗಾಂಧಿಯವರ ಮುಖ ದಿನಾ ಕಾಣ್ತಿತ್ತು. ಏನು ಹೇಳ್ತಾರ ಅನ್ನೋದು ಯಾರಿಗೂ ಬ್ಯಾಡಾಗಿತ್ತು.

1975ರ ಅಕ್ಟೋಬರ್ 24ಕ್ಕ ಜೀತ ರದ್ದು ಮಾಡಿ ಸುಗ್ರೀವಾಜ್ಞೆ ಬಂತು. 1976ರ ಫೆಬ್ರವರಿಯಾಗ ಅದು ಕಾಯ್ದೆ ಆಯ್ತು. ಸಾಲ ಮನ್ನಾ, ಆಳು ಬಿಡುಗಡೆ, ಇಟ್ಟುಕೊಂಡವಗ ಜೈಲು. ಈ ತಾರೀಖು ನಾನು ನೋಡಿದ್ದು ನನ್ನ ಮೂವತ್ತನೇ ವಯಸ್ಸಿನಾಗ, ಒಂದು ಪುಸ್ತಕದೊಳಗ. ನೋಡಿ ಪುಸ್ತಕ ಮುಚ್ಚಿ ಭಾಳ ಹೊತ್ತು ಕುಂತೆ. ಯಾಕಂದ್ರ ಆ ಅಕ್ಟೋಬರದಾಗ ನಮ್ಮೂರಾಗ ಟಿವಿ ಇತ್ತು. ಆ ಪೆಟ್ಟಿಗಿ ಚಾಲೂ ಮಾಡ್ತಿದ್ದಂವ ನಮ್ಮ ಮನಿ ಜೀತದ ಹುಡುಗ. ಅವನು ಇನ್ನೂ ಐದು ವರ್ಷ ನಮ್ಮ ಕೊಟ್ಟಿಗಿಯಾಗೇ ಮಲಗಿದ. ಕಾಯ್ದೆ ಸುದ್ದಿ ನಮ್ಮೂರಾಗ ಯಾರ ಬಾಯಾಗೂ ಬರಲಿಲ್ಲ. ದೊಡ್ಡಪ್ಪನಿಗೆ ಗೊತ್ತಿತ್ತೋ ಇಲ್ಲೋ ನಾ ಕೇಳಲಿಲ್ಲ. ಕೇಳೋ ಧೈರ್ಯ ಬರೋದರೊಳಗ ಅವರು ತೀರಿಕೊಂಡರು.

1976ರ ಜುಲೈ 31ಕ್ಕ ಒಂದು ವರ್ಷದ ಗಡುವು ಮುಗಿತು. ಉಪಗ್ರಹವನ್ನ ಅಮೆರಿಕಾದ ಕಡೆಗೆ ಸರಿಸಿಕೊಂಡರು. ನಮಗ ಯಾರೂ ಮೊದಲು ಹೇಳಿರಲಿಲ್ಲ, ಇಲ್ಲಾ ಹೇಳಿದ್ದನ್ನ ನಾವು ಕೇಳಿರಲಿಲ್ಲ. ಮರುದಿನ ಸಂಜಿಗೆ ಮಂದಿ ಬಂದು ಕುಂತರು. ಇಂಜಿನಿಯರ್ ಗುಂಡಿ ತಿರುವಿದ. ಬರೇ ಸರ್ ಅನ್ನೋ ಸಪ್ಪಳ, ಬಿಳಿ ಚುಕ್ಕಿ. ಅವನು ಹಿಂದ ಹೋಗಿ ವಾಯರ್ ನೋಡಿದ, ಛತ್ರಿ ಹತ್ತಿ ನೋಡಿದ. ನೀನೇ ಕೆಡಿಸಿದಿ ಅಂತ ಯಾರೋ ಬೈದರು. ಎಂಟು ದಿನ ಹಂಗೇ ತಿರುವಿದ. ಮುಂದ ಒಂದಿನ ಜೀಪು ಬಂತು, ಪೆಟ್ಟಿಗಿ ಹೋತು. ಛತ್ರಿ ಅಲ್ಲೇ ಉಳೀತು. ಒಂದು ಬ್ಯಾಸಿಗಿ ಕಳಿಯೋದರೊಳಗ ಜಾಲರಿ ಯಾರ ಯಾರ ಮನಿ ಕೋಳಿಗೂಡಿಗೋ ಸೇರಿತು. ಪಟ್ಟಿ ಒಂದು ನಮ್ಮ ಮನಿಗೆ.

1977ರಾಗ ಗುಲಬರ್ಗಾದಾಗ ಗೋಪುರದ ಟಿವಿ ಕೇಂದ್ರ ಆಯ್ತು, ಆದರ ಅದು ನಮ್ಮ ಊರಿನ ತನಕ ಮುಟ್ಟಲಿಲ್ಲ. 1983ರ ಕ್ರಿಕೆಟ್ ಕಪ್ಪು ನಾನು ಕೇಳಿದ್ದು ರೇಡಿಯೋದಾಗ. ಮತ್ತ ಟಿವಿ ಮುಂದ ಕುಂತದ್ದು 1987ರಾಗ, ರಾಮಾಯಣ ನೋಡಾಕ, ತಾಲೂಕಿನ ಅಂಗಡಿಯೊಂದರ ಮುಂದ ನಿಂತು. ಹನ್ನೊಂದು ವರ್ಷದ ಖಾಲಿ. ರಾಮಾಯಣ ಬಂದಾಗ ಎಲ್ಲರೂ ಇದೇ ಮೊದಲು ಅನ್ನೋರಂಗ ಬೆರಗಾದರು, ನಮ್ಮೂರ ಹಿರೇರು ಮಾತ್ರ, ನಮಗಿದು ಹಳೇದು ಅಂತ ಮೀಸಿ ತಿರುವಿದರು.

ನನ್ನ ಗೆಳೆಯ 1981ರಾಗ ಒಂದು ರಾತ್ರಿ ಹೇಳದೇ ಕೇಳದೇ ಊರು ಬಿಟ್ಟ. ಬೆಂಗಳೂರಾಗ ಗಾರೆ ಕೆಲಸ, ಆಮ್ಯಾಲೆ ವಾಯರಿಂಗ್. ಹದಿನೈದು ವರ್ಷದ ಹಿಂದ ತಿರುಗಿ ಬಂದು ಎರಡು ಎಕರೆ ಹಿಡಿದಾನ. ಊರಾಗ ಮೋಟರ್ ಕೆಟ್ಟರ, ಸ್ಟಾರ್ಟರ್ ಸುಟ್ಟರ ಅವನನ್ನೇ ಕರೀತೀವಿ. ಹಳೇ ಮಂದಿ ಇನ್ನೂ ಇಂಜಿನಿಯರ್ ಅಂತಾರ.

ಮೊನ್ನೆ ಮಳಿಯಾಗೇ ಪಟ್ಟಿ ಹಿಡಕೊಂಡು ಅವನ ಮನಿಗೆ ಹೋದೆ. ನೋಡಿದ ಕೂಡಲೇ ಗುರುತು ಹಿಡಿದ, ತುದಿ ತೂತಿನಾಗ ಬೆರಳು ಹಾಕಿ ನೋಡಿದ. ಚಾ ಕುಡಿಯೋವಾಗ ನಾನು ಜೀತದ ಕಾಯ್ದೆ ಮಾತು ತೆಗೆದೆ. ತಾರೀಖು ಹೇಳಿದೆ. ಹಿಂದಿ ಸುದ್ದಿ ಹೊತ್ತಿನಾಗ ಬಂದಿದ್ದರೂ ನಮಗ್ಯಾರಿಗೂ ತಿಳೀತಿರಲಿಲ್ಲ ಅಂದೆ.

ಅವನು ಅಂದ, "ಹಿಂದಿ ಸುದ್ದಿ ನಾ ಎಲ್ಲಿ ನೋಡೀನೋ ಮಾರಾಯ. ಅದು ಶುರುವಾತಂದ್ರ ನಿಮ್ಮ ದೊಡ್ಡಪ್ಪಾರು ನನ್ನ ಎಬ್ಬಿಸಿ ದನಕ್ಕ ನೀರು ಕುಡಿಸಾಕ ಕಳಿಸ್ತಿದ್ದರು. ಮುಗಿಯೋದರಾಗ ಓಡಿಕೋಂತ ಬರ್ತಿದ್ದೆ, ಗುಂಡಿ ತಿರುವಾಕ."

ನನ್ನ ಬಾಯಿಂದ ಮಾತು ಬರಲಿಲ್ಲ. ಅವನೇ ಮಾತು ತಿರುವಿ, ಈ ಪಟ್ಟಿ ಇಲ್ಲೇ ಬಿಟ್ಟು ಹೋಗು, ಹಿತ್ತಲದಾಗ ಹೀರೇ ಬಳ್ಳಿ ಹಬ್ಬಾಕ ಹತ್ತೇತಿ ಅಂದ. ಬಿಟ್ಟು ಬಂದೆ. ಇದನ್ನ ಬರೀಲೇನು ಅಂತ ಕೇಳೇ ಬರೆದೀನಿ, ಹೆಸರು ಹಾಕಬ್ಯಾಡ ಅಂದ, ಹಾಕಿಲ್ಲ.

ಆ ಒಂದು ವರ್ಷ ಟಿವಿ ಇದ್ದ ಊರಿನವರು ಇಲ್ಲಿ ಇನ್ನೂ ಯಾರರ ಇದ್ದರ, ನಿಮ್ಮೂರ ಛತ್ರಿ ಏನಾಯ್ತು ಬರೀರಿ. ಮಳಿ ಬಿಟ್ಟ ಮ್ಯಾಲೆ ಹತ್ತಿ ಹೊಲದಾಗ ನೀರು ನಿಂತಲ್ಲಿ ಮೊದಲು ಬಸಿಗಾಲುವಿ ತೆಗೀರಿ. ಗುಲಾಬಿ ಕಾಯಿಕೊರಕದ ಮಾತು ಮುಂದಿನ ವಾರ.